ವಿದೇಶದ ಪ್ರಬಂಧ, ಸ್ವದೇಶದ ಅಧಿಕಾರಿ

ಯಾವ ಶಾಸ್ತ್ರಗ್ರಂಥವನ್ನು ಆರಂಭಿಸುವಾಗಲೂ ನಾಲ್ಕು ಸಂಗತಿಗಳನ್ನು ಮೊದಲೇ ತಿಳಿಸಬೇಕೆಂದು ನಮ್ಮ ಪ್ರಾಚೀನರು ನಿಯಮ ಮಾಡಿರುವರು. ಗ್ರಂಥದ ವಿಷಯವೇನು, ಅದರ ಪ್ರಯೋಜನವೇನು, ಇವೆರಡಕ್ಕೂ ಗ್ರಂಥಕ್ಕೂ ಸಂಬಂಧವೇನು, ಅದನ್ನು ಓದತಕ್ಕ ಅಧಿಕಾರಿ ಯಾರು ಎಂಬ ಈ ನಾಲ್ಕಕ್ಕೆ ಅನುಬಂಧಚತುಷ್ಟಯವೆಂದು ಹೆಸರು. ಪಾಠಶಾಲೆಯಲ್ಲಿ ಓದಿದವರೆಲ್ಲರೂ ಇದನ್ನು ಬಾಲ್ಯದಲ್ಲಿಯೇ ಕಂಠಪಾಠ ಮಾಡಿರುತ್ತಾರೆ. ಕಂಠಪಾಠವಾದ ಕಾರಣದಿಂದಲೇ ಮರೆತಿರುತ್ತಾರೆ. ನಾನೂ ಹಾಗೆ ಮರೆತಿದ್ದವನು. ಕಳೆದ ವರ್ಷ ಒಂದು ಪ್ರಸಂಗದಿಂದ ಅದು ನನಗೆ ಮತ್ತೆ ನೆನಪಿಗೆ ಬಂದಿತು. ಆ ಪ್ರಸಂಗವನ್ನು ಲೇಖನದ ಕೊನೆಯಲ್ಲಿ ಹೇಳುವೆನು. ಮೊದಲು ವಿಚಾರವನ್ನು ನೋಡೋಣ.

ನಮ್ಮ ನಾಡಿನಿಂದ ಪರದೇಶಕ್ಕೆ ಹೋಗಿ, ಅಲ್ಲಿ ಹಲವು ವರ್ಷ ವ್ಯಾಸಂಗ ಮಾಡಿ, ಪ್ರಬಂಧವನ್ನು ಬರೆದು ಡಾಕ್ಟರ್ ಪದವಿಯನ್ನು ಪಡೆದು ಬಂದವರು ಈಗ ಅಸಂಖ್ಯಾತರು. ಈ ಪ್ರಬಂಧಗಳ ಗುಣದೋಷಗಳನ್ನು ಅಲ್ಲಿಯ ಪರೀಕ್ಷಕರು ನಿರ್ಣಯಿಸುತ್ತಾರೆ. ಕನ್ನಡ ಸಾಹಿತ್ಯದ ದೃಷ್ಟಿಯಿಂದ ಅವುಗಳನ್ನು ಪರೀಕ್ಷಿಸುವ ಕಾರ್ಯ ನಮ್ಮದು. ಅದನ್ನು ನಾವು ಸಾಕಷ್ಟು ಮಾಡಿದಂತೆ ತೋರುವುದಿಲ್ಲ. ಆದುದರಿಂದ ಕೆಲವು ಪ್ರಸಿದ್ಧ ನಿದರ್ಶನಗಳನ್ನು ಮಾತ್ರ ತೆಗೆದುಕೊಂಡು, ಮೇಲೆ ಹೇಳಿದ ನಾಲ್ಕರಲ್ಲಿ ಕೊನೆಯದಾದ ‘ಅಧಿಕಾರಿ’ ಎಂಬ ಒಂದೇ ಮಾನದಿಂದ ಅವುಗಳನ್ನು ಅಳೆದುನೋಡಲು ಇಲ್ಲಿ ಯತ್ನಿಸಲಾಗಿದೆ.

೧. ಲಂಡನ್ನಿನ ಎರಡು ಪ್ರಬಂಧಗಳು

ಎ. ಎನ್. ನರಸಿಂಹಯ್ಯನವರು ಲಂಡನ್ ವಿಶ್ವವಿದ್ಯಾನಿಲಯಕ್ಕೆ ಒಪ್ಪಿಸಿದ ಪ್ರಬಂಧವು ಅತ್ಯಂತ ಪ್ರಾಚೀನ ಕನ್ನಡ ಶಾಸನಗಳ ವ್ಯಾಕರಣವನ್ನು ಕುರಿತದ್ದು. ಮೈಸೂರು ವಿಶ್ವವಿದ್ಯಾನಿಲಯವು ೧೯೪೧ರಲ್ಲಿ ಅದನ್ನು ಇಂಗ್ಲಿಷಿನಲ್ಲಿಯೇ ಪ್ರಕಟಿಸಿತು. ಅದರ ಮಹತ್ತ್ವವನ್ನು ತಿಳಿಯಬೇಕಾದರೆ ನಮ್ಮ ವ್ಯಾಕರಣ ಸಂಪ್ರದಾಯವನ್ನು ಸ್ಮರಿಸಬೇಕು. ಹದಿಮೂರನೆಯ ಶತಮಾನದ ಕೇಶಿರಾಜನು ಕವಿಪ್ರಯೋಗಗಳನ್ನು ಪ್ರಮಾಣವಾಗಿಟ್ಟುಕೊಂಡು ಲಕ್ಷಣ ಹೇಳಿದನು. ಕವಿಗಳಿಗಿಂತ ಮುಂಚೆ ಕಲ್ಲಿನ ಮೇಲೆ ಅಕ್ಷರ ಕೊರೆಯಿಸಿದವರ ಭಾಷೆ ಆತನ ವಿಚಾರಕ್ಕೆ ವಿಷಯವಾಗಿರಲಿಲ್ಲ. ನರಸಿಂಹಯ್ಯನವರು ಆರು ಮತ್ತು ಏಳನೆಯ ಶತಮಾನಗಳ ಶಾಸನಗಳನ್ನು ಆಧಾರವಾಗಿಟ್ಟುಕೊಂಡು, ಸೂತ್ರದಿಂದ ಪ್ರಯೋಗಕ್ಕೆ ಬರುವ ಬದಲು ಪ್ರಯೋಗದಿಂದ ನಿಯಮಕ್ಕೆ ಹೋದರು. ಸಂಸ್ಕೃತ ಪ್ರಾಕೃತಗಳಿಂದ ಬಂದ ಶಬ್ದಗಳನ್ನೂ ಪ್ರತ್ಯೇಕವಾಗಿ ವಿವೇಚಿಸಿದರು. ಮುಂದೆ ಜಿ. ಎಸ್. ಗಾಯಿಯವರು ಎಂಟು, ಒಂಬತ್ತು, ಹತ್ತನೆಯ ಶತಮಾನಗಳ ಶಾಸನಗಳನ್ನು ಅದೇ ರೀತಿಯಲ್ಲಿ ಪರಿಶೀಲಿಸಿದರು. ಅವರ ಗ್ರಂಥವು ೧೯೪೬ರಲ್ಲಿ ಪುಣೆಯಲ್ಲಿ ಪ್ರಕಟವಾಯಿತು. ಒಬ್ಬರು ನಿಲ್ಲಿಸಿದ ಸ್ಥಳದಲ್ಲಿ ಮತ್ತೊಬ್ಬರು ಆರಂಭಿಸಿದಂತಾಯಿತು. ಮೊದಲನೆಯವರು ಕಡಲು ದಾಟಿದರು. ಎರಡನೆಯವರು ಪುಣೆಗೆ ಹೋದರು. ಗ್ರಂಥಗಳ ಯೋಗ್ಯತೆಯಲ್ಲಿ ಇದರಿಂದ ಯಾವ ತಾರತಮ್ಯವೂ ಉಂಟಾಗಲಿಲ್ಲ. ದೂರದೇಶವು ತಾನಾಗಿಯೇ ಪಾಂಡಿತ್ಯವನ್ನು ಕೊಡುವುದಿಲ್ಲವೆಂಬುದಕ್ಕೆ ಇದೊಂದು ನಿದರ್ಶನವೇ ಸಾಕು.

ಎರಡನೆಯವರು ಶಿ. ಚ. ನಂದೀಮಠರು. ಇವರೂ ಲಂಡನ್ನಿನಲ್ಲಿಯೇ ಶೈವಾಗಮಗಳ ಸಿದ್ಧಾಂತವನ್ನು ಅಭ್ಯಸಿಸಿ ಡಾಕ್ಟರ್ ಪದವಿ ಪಡೆದವರು. ವೀರಶೈವ ಮತವನ್ನು ಕುರಿತ ಅವರ ಕೈಪಿಡಿಯು ೧೯೪೨ರಲ್ಲಿ ಧಾರವಾಡದಲ್ಲಿ, ಇದೂ ಇಂಗ್ಲಿಷಿನಲ್ಲಿಯೇ, ಪ್ರಕಟವಾಯಿತು. ವಚನಗಳಲ್ಲಿಯೂ ಆಗಮಗಳಲ್ಲಿಯೂ ಭಾಷ್ಯಗಳಲ್ಲಿಯೂ ಚದುರಿಹೋಗಿದ್ದ ಅಷ್ಟಾವರಣ, ಷಟ್‌ಸ್ಥಲ ಮೊದಲಾದ ತತ್ತ್ವಗಳನ್ನು ಒಂದು ಕ್ರಮಕ್ಕೆ ತಂದು ನಿರೂಪಿಸಿದ್ದು ಈ ಗ್ರಂಥದ ಗುಣ.

ಈ ಎರಡು ಗ್ರಂಥಗಳಲ್ಲಿಯೂ ವಿಷಯವು ಕನ್ನಡ ನಾಡಿನದು. ಅಧಿಕಾರಿ ಮಾತ್ರ ಅನ್ಯನು. ಶಾಸನವನ್ನು ಕೊರೆಯಿಸಿದವನ ವಂಶದವನೂ ವಚನವನ್ನು ನಿತ್ಯವೂ ಹೇಳಿಕೊಳ್ಳುವ ಗೃಹಿಣಿಯೂ ತಮ್ಮ ಸ್ವತ್ತಿನ ವಿವರವನ್ನು ತಿಳಿಯಬೇಕಾದರೆ ಇಂಗ್ಲಿಷನ್ನು ಕಲಿಯಬೇಕಾಯಿತು.

೨. ಪೂರ್ವಪಕ್ಷ

ಇಲ್ಲಿ ಒಬ್ಬರು ಹೀಗೆ ಆಕ್ಷೇಪಿಸಬಹುದು: ‘ಪರದೇಶದಲ್ಲಿ, ಪರಭಾಷೆಯಲ್ಲಿ, ಪರರಿಗಾಗಿ ಬರೆದ ಗ್ರಂಥದಿಂದ ಕನ್ನಡಕ್ಕೆ ಬಂದ ಲಾಭವೇನು? ಪದವಿ ಪಡೆದವನಿಗೆ ಉದ್ಯೋಗ, ಪದವಿ ಕೊಟ್ಟವರಿಗೆ ಕೀರ್ತಿ, ನಮಗೆ ಮಾತ್ರ ಪುಸ್ತಕ ಭಂಡಾರದಲ್ಲಿ ಒಂದು ರಟ್ಟು.’ ಈ ಮಾತನ್ನು ನಮ್ಮ ಪಂಡಿತಮಂಡಲಿಯಲ್ಲಿ ನಾನು ಅನೇಕ ಸಲ ಕೇಳಿದ್ದೇನೆ. ಕೆಲವು ಸಲ ಹೇಳಿಯೂ ಇದ್ದೇನೆ.

ಇದಕ್ಕೆ ಸಮಾಧಾನವು ನಮ್ಮ ಸಂಪ್ರದಾಯದಲ್ಲಿಯೇ ಇರುವುದು. ಭಟ್ಟಾಕಳಂಕನು ೧೬೦೪ರಲ್ಲಿ ಮುಗಿಸಿದ ಕರ್ಣಾಟಕ ಶಬ್ದಾನುಶಾಸನವು ಕನ್ನಡದ ವ್ಯಾಕರಣ. ಅದರ ೫೯೨ ಸೂತ್ರಗಳೂ ಸಂಸ್ಕೃತದಲ್ಲಿವೆ. ಕೇಶಿರಾಜನಂತೆ ಕನ್ನಡದ ಕಂದಪದ್ಯದಲ್ಲಿ ಬರೆಯಲು ಆತನಿಗೆ ಶಕ್ತಿಯಿಲ್ಲದಿರಲಿಲ್ಲ. ಕನ್ನಡವು ಶಾಸ್ತ್ರಕ್ಕೆ ಯೋಗ್ಯವಾದ ಭಾಷೆಯಲ್ಲವೆಂದು ಹೀಯಾಳಿಸುವವರು ಸಂಸ್ಕೃತ ಪಂಡಿತರೇ ಆಗಿದ್ದುದರಿಂದ ಅವರ ಭಾಷೆಯಲ್ಲಿಯೇ ಅವರಿಗೆ ಉತ್ತರ ಹೇಳಬೇಕಾಯಿತು. ಮನೆಯ ಮಗನಿಗೆ ಹೇಳುವುದನ್ನು ಮನೆಯ ಮಾತಿನಲ್ಲಿ ಹೇಳಬೇಕು. ನೆರೆಯವನ ಸಂದೇಹವನ್ನು ಪರಿಹರಿಸುವಾಗ ನೆರೆಯವನ ಮಾತಿನಲ್ಲಿ ಹೇಳಬೇಕು. ನರಸಿಂಹಯ್ಯನವರ ಇಂಗ್ಲಿಷು ಭಟ್ಟಾಕಳಂಕನ ಸಂಸ್ಕೃತದ ಸ್ಥಾನದಲ್ಲಿರುವುದೆಂದರೆ ತಪ್ಪಾಗಲಾರದು. ಆದುದರಿಂದ ಅನ್ಯನನ್ನು ಅಧಿಕಾರಿಯನ್ನಾಗಿ ಮಾಡಿಕೊಳ್ಳುವುದು ದೋಷವಲ್ಲ. ಅನ್ಯನೊಬ್ಬನೇ ಅಧಿಕಾರಿಯಾಗಿ ಉಳಿದುಬಿಡುವುದು ದೋಷ. ಭಟ್ಟಾಕಳಂಕನಿಗಿಂತ ಮೊದಲೇ ಕನ್ನಡಿಗನ ಕೈಯಲ್ಲಿ ಶಬ್ದಮಣಿದರ್ಪಣವಿದ್ದಿತು. ಲಂಡನ್ನಿನ ಪ್ರಬಂಧಗಳಿಗೆ ಮುಂಚೆ ಅಂತಹದೊಂದು ಕನ್ನಡಿಗನ ಕೈಯಲ್ಲಿರಲಿಲ್ಲ.

ಈ ಕೊರತೆಯನ್ನು ನೀಗಿಸಿದವರಲ್ಲಿ ಎಂ. ಚಿದಾನಂದಮೂರ್ತಿಗಳನ್ನು ಅವಶ್ಯವಾಗಿ ನೆನೆಯಬೇಕು. ಅವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ವೂ ಡಾಕ್ಟರ್ ಪದವಿಯ ಪ್ರಬಂಧವೇ, ೧೯೬೬ರಲ್ಲಿ ಪುಸ್ತಕವಾಗಿ ಬಂದಿತು. ಕ್ರಿ. ಶ. ೪೫೦ರಿಂದ ೧೧೫೦ರವರೆಗಿನ ಶಾಸನಗಳಲ್ಲಿ ಕಾಣುವ ಜನಜೀವನವನ್ನು ಅವರು ಕನ್ನಡದಲ್ಲಿಯೇ ನಿರೂಪಿಸಿದರು. ಆಮೇಲೆ ಅವರು ನಮ್ಮ ಬೆಂಗಳೂರಿನ ಪಶ್ಚಿಮಭಾಗದ ಜ್ಞಾನಭಾರತಿಯಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದರು. ಹಳ್ಳಿಯ ಪ್ರೌಢಶಾಲೆಯ ಉಪಾಧ್ಯಾಯನು ತನ್ನ ಊರಿನ ವೀರಗಲ್ಲಿನ ಮುಂದೆ ನಿಂತು ಅದರ ಅರ್ಥವನ್ನು ಮಕ್ಕಳಿಗೆ ಹೇಳಬಲ್ಲನಾದರೆ ಅದಕ್ಕೆ ಇಂತಹ ಗ್ರಂಥಗಳು ಕಾರಣ. ಇಲ್ಲಿ ವಿಷಯವೂ ಅಧಿಕಾರಿಯೂ ಒಂದೇ ಮನೆಯವರು.

೩. ಬರ್ಮಿಂಗ್ಹಾಮಿನ ಎರಡು ಗ್ರಂಥಗಳು

ಈಗ ಇದಕ್ಕೆ ವಿಲೋಮವಾದ ನಿದರ್ಶನವನ್ನು ನೋಡೋಣ. ಯು. ಆರ್. ಅನಂತಮೂರ್ತಿಯವರು ತೀರ್ಥಹಳ್ಳಿ ಸೀಮೆಯ ಮೇಳಿಗೆಯಲ್ಲಿ ೧೯೩೨ರಲ್ಲಿ ಜನಿಸಿದರು. ಅವರ ಪ್ರಥಮ ವಿದ್ಯಾಭ್ಯಾಸ ದೂರ್ವಾಸಪುರದ ಸಂಸ್ಕೃತ ಪಾಠಶಾಲೆಯಲ್ಲಿ ನಡೆಯಿತು. ಮೈಸೂರಿನಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ಓದಿದ ಅವರು ಕಾಮನ್‌ವೆಲ್ತ್ ವಿದ್ಯಾರ್ಥಿವೇತನದಿಂದ ಇಂಗ್ಲೆಂಡಿನ ಬರ್ಮಿಂಗ್ಹಾಮಿಗೆ ಹೋಗಿ ೧೯೬೬ರಲ್ಲಿ ಡಾಕ್ಟರ್ ಪದವಿ ಪಡೆದರು. ೧೯೩೦ರ ದಶಕದ ಇಂಗ್ಲಿಷ್ ಕಥಾಸಾಹಿತ್ಯಕ್ಕೂ ರಾಜಕೀಯಕ್ಕೂ ಇರುವ ಸಂಬಂಧವು ಅವರ ಪ್ರಬಂಧದ ವಿಷಯ. ವಿಷಯವೂ ಪರದೇಶದ್ದು, ಅಧಿಕಾರಿಯೂ ಪರದೇಶದವನು. ನಮ್ಮ ಮಾನದಿಂದ ಅಳೆದರೆ ಕನ್ನಡಕ್ಕೆ ಅದರಿಂದ ಬರತಕ್ಕದ್ದು ಶೂನ್ಯವೆನ್ನಬೇಕು.

ಆದರೆ ಅದೇ ಊರಿನಲ್ಲಿ, ಅದೇ ವ್ಯಾಸಂಗದ ನಡುವೆ, ಅವರು ‘ಸಂಸ್ಕಾರ’ವನ್ನು ಬರೆದರು. ೧೯೬೫ರಲ್ಲಿ ಅದು ಪ್ರಕಟವಾಯಿತು. ಸ್ವೀಡನ್ ದೇಶದ ಬರ್ಗ್‌ಮನ್ ಎಂಬುವರ ‘ದಿ ಸೆವೆಂತ್ ಸೀಲ್’ ಎಂಬ ಚಲನಚಿತ್ರವನ್ನು ತಮ್ಮ ಅಧ್ಯಾಪಕರಾದ ಮಾಲ್ಕಂ ಬ್ರಾಡ್ಬರಿಯವರೊಡನೆ ನೋಡಿ, ಆ ಕುರಿತು ಮಾತನಾಡುತ್ತಿದ್ದಾಗ ಈ ಕಥೆಯನ್ನು ಬರೆಯುವ ಪ್ರೇರಣೆಯುಂಟಾಯಿತೆಂದು ಅವರೇ ಹೇಳಿಕೊಂಡಿರುವರು. ಹಗಲು ಪರೀಕ್ಷಕರಿಗಾಗಿ ಇಂಗ್ಲಿಷಿನಲ್ಲಿ ಬರೆದವರು ತಮ್ಮ ಅಗ್ರಹಾರದವರಿಗಾಗಿ ಕನ್ನಡದಲ್ಲಿ ಬರೆದರು. ಪ್ರಬಂಧವನ್ನು ಓದಿದ ಕನ್ನಡಿಗರು ವಿರಳ. ಕಾದಂಬರಿಯನ್ನು ಓದದ ಸಾಹಿತ್ಯಾಧ್ಯಾಪಕರು ಅದಕ್ಕಿಂತ ವಿರಳ. ಒಂದು ವಿದೇಶವಾಸದಿಂದ ಎರಡು ಗ್ರಂಥಗಳು ಹುಟ್ಟಿದವು. ಒಂದೊಂದಕ್ಕೂ ಅಧಿಕಾರಿ ಬೇರೆ. ಹೀಗೆ ಲೆಕ್ಕ ಹಾಕಿದರೆ ಪದವಿಯ ಋಣವು ಬಡ್ಡಿಸಹಿತ ತೀರಿತೆನ್ನಬೇಕು.

೪. ‘ಸಂಸ್ಕಾರ’ವನ್ನು ಕುರಿತು ಒಂದು ಆಕ್ಷೇಪ

ಶಾಸ್ತ್ರವನ್ನು ಓದಿದವನಾಗಿ ನಾನು ಈ ಕಾದಂಬರಿಯನ್ನು ಕುರಿತು ಒಂದು ಆಕ್ಷೇಪವನ್ನು ಎತ್ತದೆ ಮುಂದೆ ಹೋಗಲಾರೆನು. ಕಥೆಯು ಎಲ್ಲರಿಗೂ ತಿಳಿದದ್ದು. ಆಚಾರವನ್ನು ಬಿಟ್ಟ ನಾರಣಪ್ಪನು ಬಹಿಷ್ಕೃತನಾಗದೆ, ಮಕ್ಕಳಿಲ್ಲದೆ ಸಾಯುತ್ತಾನೆ. ಅವನ ಶವಸಂಸ್ಕಾರ ಮಾಡಲು ಯಾರು ಅರ್ಹರೆಂಬುದು ಪ್ರಶ್ನೆ. ಕಾಶಿಯಲ್ಲಿ ಓದಿ ವೇದಾಂತಶಿರೋಮಣಿಯೆನಿಸಿ ಬಂದ ಪ್ರಾಣೇಶಾಚಾರ್ಯನು ತನ್ನ ಓಲೆಯ ಗ್ರಂಥಗಳನ್ನೆಲ್ಲ ಶೋಧಿಸಿಯೂ ಉತ್ತರ ಕಾಣದೆ ಹೋಗುತ್ತಾನೆ.

ಉತ್ತರವು ಗ್ರಂಥಗಳಲ್ಲಿ ಇಲ್ಲವೆ? ಇದೆ. ಅಂತ್ಯಕ್ರಿಯೆಗೆ ಅಧಿಕಾರಿಗಳ ಕ್ರಮವನ್ನು ಧರ್ಮಶಾಸ್ತ್ರವು ವಿಸ್ತಾರವಾಗಿ ಹೇಳುತ್ತದೆ. ಪುತ್ರನಿಂದ ಮೊದಲಾಗಿ ಪತ್ನಿ, ಸಹೋದರ, ಸಪಿಂಡ, ಸಮಾನೋದಕ, ಮಾತೃಪಕ್ಷದವರು, ಶಿಷ್ಯ, ಋತ್ವಿಜರು ಹೀಗೆ ಅದು ಮುಂದುವರಿಯುವುದು. ಯಾರೂ ಇಲ್ಲದಿದ್ದರೆ ರಾಜನೇ ಅದನ್ನು ಮಾಡಿಸಬೇಕೆಂದು ಪುರಾಣವಚನವಿರುವುದು. ಯಾವ ಮನುಷ್ಯನ ಶವವೂ ಅನಾಥವಾಗಬಾರದೆಂಬುದು ಈ ಪಟ್ಟಿಯ ತಾತ್ಪರ್ಯ. ಇಂತಹ ವಿಚಾರಗಳನ್ನು ಒಂದುಗೂಡಿಸಿದ ನಿರ್ಣಯಸಿಂಧುವನ್ನು ಕಮಲಾಕರಭಟ್ಟನು ೧೬೧೨ರಲ್ಲಿ ರಚಿಸಿದ್ದು ಪ್ರಾಣೇಶಾಚಾರ್ಯನು ಓದಿದ ಆ ಕಾಶಿಯಲ್ಲಿಯೇ. ಕಾಶಿಯಲ್ಲಿ ಓದಿದವನಿಗೆ ಇದು ತಿಳಿಯದೆಂದರೆ ಪಾತ್ರೌಚಿತ್ಯಕ್ಕೆ ಭಂಗ ಬಂದಂತೆ ಮೊದಲನೋಟಕ್ಕೆ ತೋರುವುದು. ಮೂವತ್ತು ವರ್ಷಗಳ ಹಿಂದೆ ಈ ಕಾದಂಬರಿಯನ್ನು ಮೊದಲು ಓದಿದಾಗ ‘ಆಂಗ್ಲವಿದ್ಯೆಯವರಿಗೆ ನಮ್ಮ ಶಾಸ್ತ್ರದ ಪರಿಚಯವಿಲ್ಲ’ ಎಂದು ನಾನು ಪುಸ್ತಕವನ್ನು ಮುಚ್ಚಿಟ್ಟಿದ್ದೆನು.

ಈಗ ಆ ಅಭಿಪ್ರಾಯವನ್ನು ಹಿಂತೆಗೆದುಕೊಳ್ಳುವೆನು. ಏಕೆಂದರೆ ಅಗ್ರಹಾರದಲ್ಲಿ ಜ್ಞಾತಿಗಳೆಂದು ಹೇಳಿಕೊಳ್ಳಬಲ್ಲವರು ಇಲ್ಲದಿರಲಿಲ್ಲ. ಚಂದ್ರಿಯು ತನ್ನ ಒಡವೆಗಳನ್ನು ಮುಂದಿಟ್ಟ ಕೂಡಲೆ, ಮೊದಲು ಬೇಡವೆಂದವರೇ ಆ ಅಧಿಕಾರ ತಮ್ಮದೆನ್ನಲು ಹಾತೊರೆಯುತ್ತಾರೆ. ಅಂದರೆ ಅಲ್ಲಿ ಕೊರತೆಯಾದದ್ದು ವಿಧಿವಾಕ್ಯವಲ್ಲ. ವಿಧಿಯನ್ನು ಅನುಷ್ಠಿಸಲು ಬೇಕಾದ ಧೈರ್ಯ. ಪ್ರಾಣೇಶಾಚಾರ್ಯನು ಗ್ರಂಥದಲ್ಲಿ ಹುಡುಕಿದ್ದು ಉತ್ತರವನ್ನಲ್ಲ, ನಿರ್ಣಯದ ಹೊಣೆಯಿಂದ ತನ್ನನ್ನು ಬಿಡಿಸುವ ಒಂದು ವಾಕ್ಯವನ್ನು. ಅಂತಹ ವಾಕ್ಯವು ಯಾವ ಶಾಸ್ತ್ರದಲ್ಲಿಯೂ ಇಲ್ಲ. ಕೊನೆಗೆ ಚಂದ್ರಿಯ ಬೇಡಿಕೆಗೆ ಓಗೊಟ್ಟು ಶವವನ್ನು ಸುಟ್ಟವನು ಯಾವ ಪಟ್ಟಿಯಲ್ಲಿಯೂ ಹೆಸರಿಲ್ಲದ ಒಬ್ಬ ಮುಸಲ್ಮಾನನು. ಶಾಸ್ತ್ರದ ಅಕ್ಷರವನ್ನು ಬಲ್ಲವರು ಬಿಟ್ಟದ್ದನ್ನು ಅಕ್ಷರವನ್ನರಿಯದವನು ಮಾಡಿದನು. ಶಾಸ್ತ್ರದ ತಾತ್ಪರ್ಯ ಅವನ ಕೈಯಲ್ಲಿ ನೆರವೇರಿತು. ಲೇಖಕರು ಶಾಸ್ತ್ರವನ್ನು ಇನ್ನೂ ಆಳವಾಗಿ ಬಳಸಿದ್ದರೆ, ಉತ್ತರವು ತಿಳಿದಿದ್ದೂ ಬಾಯಿಗೆ ಬರಲಿಲ್ಲವೆಂದು ಚಿತ್ರಿಸಿದ್ದರೆ, ಈ ಭಾವವು ಮತ್ತಷ್ಟು ತೀಕ್ಷ್ಣವಾಗುತ್ತಿದ್ದಿತು ಎಂಬಷ್ಟಕ್ಕೆ ನನ್ನ ಆಕ್ಷೇಪವನ್ನು ಸಂಕೋಚಗೊಳಿಸುವೆನು.

೫. ಇಂಡಿಯಾನಾದ ಪ್ರಬಂಧ

ಇದೇ ‘ಸಂಸ್ಕಾರ’ವನ್ನು ೧೯೭೬ರಲ್ಲಿ ಇಂಗ್ಲಿಷಿಗೆ ತಂದ ಎ. ಕೆ. ರಾಮಾನುಜನ್ನರೂ ವಿದೇಶದ ಡಾಕ್ಟರೇ. ೧೯೨೯ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಇವರು ಅಮೆರಿಕಕ್ಕೆ ಹೋಗಿ, ೧೯೬೩ರಲ್ಲಿ ಇಂಡಿಯಾನಾ ವಿಶ್ವವಿದ್ಯಾನಿಲಯದಿಂದ ಭಾಷಾವಿಜ್ಞಾನದಲ್ಲಿ ಪದವಿ ಪಡೆದರು. ಕನ್ನಡ ವ್ಯಾಕರಣವನ್ನು ಚಾಮ್‌ಸ್ಕಿಯವರ ಹೊಸ ಪದ್ಧತಿಯಿಂದ ನಿರೂಪಿಸುವುದು ಅವರ ಪ್ರಬಂಧದ ವಿಷಯ. ಮಿತವಾದ ನಿಯಮಗಳಿಂದ ಅಪರಿಮಿತವಾದ ವಾಕ್ಯಗಳನ್ನು ಸಾಧಿಸುವ ಈ ಪದ್ಧತಿಗೆ ಪಾಣಿನಿಯ ಅಷ್ಟಾಧ್ಯಾಯಿಯೊಡನೆ ಇರುವ ಸಾದೃಶ್ಯವನ್ನು ಚಾಮ್‌ಸ್ಕಿಯವರೇ ಗುರುತಿಸಿರುವರು. ನಮ್ಮ ಮನೆಯ ಬಿತ್ತನೆಯು ಪರರ ಹೊಲದಲ್ಲಿ ಬೆಳೆದು ಬಂದಾಗ ನಾವು ಅದನ್ನು ಗುರುತಿಸದೆ ಹೋದೆವು.

ರಾಮಾನುಜನ್ನರು ೧೯೯೩ರಲ್ಲಿ ತೀರಿಕೊಳ್ಳುವವರೆಗೆ ಷಿಕಾಗೋ ನಗರದಲ್ಲಿಯೇ ಇದ್ದರು. ವಚನಗಳನ್ನು ಇಂಗ್ಲಿಷಿಗೆ ತಂದ ಅವರ ಗ್ರಂಥವು ೧೯೭೩ರಲ್ಲಿ ಪ್ರಕಟವಾಯಿತು. ಅದರ ಅಧಿಕಾರಿ ಪರದೇಶದವನು. ‘ಹೊಕ್ಕುಳಲ್ಲಿ ಹೂವಿಲ್ಲ’ ಎಂಬ ಕವನಸಂಗ್ರಹವು ಅದಕ್ಕೆ ಮುಂಚೆ, ೧೯೬೯ರಲ್ಲಿ, ಕನ್ನಡದಲ್ಲಿಯೇ ಬಂದಿತು. ಅದರ ಅಧಿಕಾರಿ ನಾವು. ಊರಿಗೆ ಮರಳಿ ಬರದೆಯೂ ಮನೆಗೆ ಕಾಗದ ಬರೆಯುವುದನ್ನು ಬಿಡದ ಮಗನಂತೆ ಅವರು ನಡೆದುಕೊಂಡರು. ಇದರಿಂದ ಒಂದು ಅಂಶ ಸ್ಪಷ್ಟವಾಗುತ್ತದೆ: ಮರಳಿ ಬರುವುದೆಂದರೆ ದೇಹವು ಹಡಗಿನಿಂದಲೋ ವಿಮಾನದಿಂದಲೋ ಇಳಿಯುವುದಲ್ಲ, ಕಲಿತದ್ದನ್ನು ಯಾರಿಗೆ ಹೇಳಬೇಕೆಂಬುದನ್ನು ಮರೆಯದಿರುವುದು.

೬. ಸಿದ್ಧಾಂತ

ಇಲ್ಲಿಗೆ ಸಿದ್ಧಾಂತವು ಸುಲಭವಾಗಿ ತೋರುವುದು. ಪರದೇಶದಲ್ಲಿ ಪ್ರಬಂಧವನ್ನು ಮುಗಿಸಿದವನು ಸ್ವದೇಶದ ಅಧಿಕಾರಿಗಾಗಿ ಮತ್ತೊಂದನ್ನು ಬರೆಯಬೇಕು. ಅಲ್ಲಿಗೆ ಪದವಿಯು ಪೂರ್ಣವಾಗುವುದು. ಕಳೆದ ವರ್ಷದವರೆಗೆ ನಾನು ಇಷ್ಟೇ ಹೇಳಿ ಲೇಖನಿಯನ್ನು ಕೆಳಗಿಡುತ್ತಿದ್ದೆನು. ಈಗ ಆರಂಭದಲ್ಲಿ ಸೂಚಿಸಿದ ಪ್ರಸಂಗವನ್ನು ಹೇಳಬೇಕಾಗಿದೆ.

ರಾಜಾಜಿನಗರದಲ್ಲಿ ಸಾಯಂಕಾಲದ ಹೊತ್ತು ನಾನು ಪಾಠ ಹೇಳುತ್ತಿರುವ ಮನೆಗೆ ಒಬ್ಬ ಹುಡುಗಿ ಎಂಟು ವರ್ಷ ಬಂದಳು. ಆಕೆಯ ತಂದೆ ಇಲ್ಲಿಯ ಕೈಗಾರಿಕಾ ಪ್ರದೇಶದಲ್ಲಿ ಲೇತ್ ಯಂತ್ರದ ಮೇಲೆ ಕೆಲಸ ಮಾಡುವವರು, ವೇದಾಧ್ಯಯನದ ಮನೆತನದವರಲ್ಲ. ಕಾವ್ಯ, ವ್ಯಾಕರಣಗಳಾದ ಮೇಲೆ ಮೀಮಾಂಸೆಯನ್ನು ಓದಿದಳು. ಜೈಮಿನಿಯ ಆರನೆಯ ಅಧ್ಯಾಯದಲ್ಲಿ ಅಧಿಕಾರದ ವಿಚಾರವಿದೆ. ಸ್ವರ್ಗವನ್ನು ಬಯಸುವವನೆಂಬ ಪದವು ಪುಲ್ಲಿಂಗದಲ್ಲಿರುವುದರಿಂದ ಯಾಗವು ಗಂಡಸಿಗೇ ಸಲ್ಲುವುದೆಂದು ಐತಿಶಾಯನನ ಪಕ್ಷ. ಅಲ್ಲಿ ಲಿಂಗವು ವಿವಕ್ಷಿತವಲ್ಲ, ಸ್ತ್ರೀಗೂ ಅಧಿಕಾರವುಂಟೆಂದು ಬಾದರಾಯಣನ ಪಕ್ಷ. ಎರಡನೆಯದೇ ಸಿದ್ಧಾಂತ. ಅದೇ ಪಾದದಲ್ಲಿ ಮುಂದೆ, ಎಲ್ಲರಿಗೂ ಅಧಿಕಾರವುಂಟೆಂಬ ಬಾದರಿಯ ಪಕ್ಷವು ನಿರಾಕೃತವಾಗಿ ಶೂದ್ರನಿಗೆ ಬಾಗಿಲು ಮುಚ್ಚುತ್ತದೆ. ಈ ಎರಡು ಅಧಿಕರಣಗಳನ್ನೂ ನಾನು ಆಕೆಗೆ ಪಂಕ್ತಿಶಃ ಪಾಠ ಹೇಳಿದೆನು. ಒಂದು ಬಾಗಿಲು ತೆರೆಯುವುದನ್ನೂ ಇನ್ನೊಂದು ಮುಚ್ಚುವುದನ್ನೂ ಆಕೆ ತಲೆಯೆತ್ತದೆ ಬರೆದುಕೊಂಡಳು.

ಆಮೇಲೆ ಒಂದು ವಾಕ್ಯಾರ್ಥಸಭೆಗೆ ಆಕೆಯನ್ನು ಕರೆದೊಯ್ದೆನು. ಸಭೆಯ ಹೆಸರು ಇಲ್ಲಿ ಬೇಡ. ಸಭಿಕರ ಸಾಲಿನಲ್ಲಿ ಕುಳಿತು ಕೇಳಬಹುದು, ವಾಕ್ಯಾರ್ಥಕ್ಕೆ ಕೂರುವಂತಿಲ್ಲವೆಂದು ಹಿರಿಯರೊಬ್ಬರು ಮೆಲ್ಲಗೆ ಹೇಳಿದರು. ಶಾಸ್ತ್ರದ ಸಿದ್ಧಾಂತವು ನನ್ನ ನಾಲಗೆಯ ತುದಿಯಲ್ಲಿತ್ತು. ನಾನು ಹೇಳಲಿಲ್ಲ. ಮರುವರ್ಷ ಆಕೆ ಜರ್ಮನಿಗೆ ಹೋದಳು.

ಆರು ವರ್ಷಗಳ ಮೇಲೆ, ಪದವಿಯನ್ನು ಮುಗಿಸಿಕೊಂಡು ಬಂದು, ಪ್ರಬಂಧದ ಪ್ರತಿಯನ್ನು ನನ್ನ ಮುಂದಿಟ್ಟು ನಮಸ್ಕರಿಸಿದಳು. ಅದರ ವಿಷಯ ಆ ಆರನೆಯ ಅಧ್ಯಾಯವೇ, ಭಾಷೆ ಇಂಗ್ಲಿಷು. ನಾನು ನಿಧಾನವಾಗಿ ಮೂರು ತಿಂಗಳು ಓದಿದೆನು. ಬಾದರಿಯ ಪಕ್ಷವನ್ನು ಅದರ ಪೂರ್ಣಬಲದಲ್ಲಿ ಎತ್ತಿ ನಿಲ್ಲಿಸಿ, ನಿರಾಕರಣದ ಒಂದೊಂದು ಹೇತುವನ್ನೂ ಪರೀಕ್ಷಿಸಿದ ಭಾಗವು ನನ್ನ ಗುರುಗಳು ಕೇಳಿದ್ದರೂ ತಲೆದೂಗತಕ್ಕದ್ದು. ಓದಿ ಮುಗಿಸಿದ ದಿನ, ‘ಇದನ್ನು ಕನ್ನಡದಲ್ಲಿ ಬರೆಯಮ್ಮಾ’ ಎಂದೆನು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಬರೆಯುತ್ತೇನೆ, ಗುರುಗಳೇ. ಬರೆದುದನ್ನು ಯಾವ ಸಭೆಯಲ್ಲಿ ಓದಲಿ?’ ಎಂದು ಕೇಳಿದಳು. ಆ ಮಾತಿನಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಉತ್ತರ ಹೇಳುವುದು ನನಗೆ ಸುಲಭವಾಗುತ್ತಿದ್ದಿತು.

ಪ್ರಾಣೇಶಾಚಾರ್ಯನ ಮೇಲೆ ನಾನು ಹೊರಿಸಿದ ದೋಷವು ಯಾರದೆಂಬುದು ಆಗ ನನಗೆ ತಿಳಿಯಿತು. ಆದುದರಿಂದ ಸಿದ್ಧಾಂತವನ್ನು ತಿದ್ದಿ ಹೇಳಬೇಕಾಗಿದೆ. ವಿದೇಶದ ಪ್ರಬಂಧಕ್ಕೆ ಸ್ವದೇಶದ ಅಧಿಕಾರಿಯಿಲ್ಲವೆಂಬ ದೂಷಣೆಯಲ್ಲಿ ಅರ್ಧ ಭಾಗ ಬರೆದವರಿಗೆ ಸಲ್ಲುವುದು. ಉಳಿದ ಅರ್ಧ ನಮಗೆ. ಬರೆಯುವವರು ಅಧಿಕಾರಿಯನ್ನು ಗೊತ್ತುಮಾಡಿಕೊಳ್ಳಬೇಕು, ನಿಜ. ಆದರೆ ಓದುವವರು ತಮ್ಮ ಅಧಿಕಾರವನ್ನು ಸಂಪಾದಿಸಿಕೊಳ್ಳಬೇಕು. ಬಂದವರಿಗೆ ಮಣೆ ಹಾಕಬೇಕು. ಮಣೆಯಿಲ್ಲದ ಮನೆಗೆ ಕಾಗದ ಬರೆಯಿರೆಂದು ಹೇಳುವ ಹಕ್ಕು ನಮಗಿಲ್ಲ.

ಅನಂತಮೂರ್ತಿಯವರು ೨೦೧೪ರ ಆಗಸ್ಟ್ ೨೨ರಂದು ತೀರಿಕೊಂಡರು. ಜ್ಞಾನಭಾರತಿಯ ಬಳಿ, ಮಲ್ಲತ್ತಹಳ್ಳಿಯ ಕಲಾಗ್ರಾಮದಲ್ಲಿ ರಾಜ್ಯದ ಗೌರವದೊಡನೆ ಅವರ ಅಂತ್ಯಕ್ರಿಯೆ ನಡೆಯಿತು. ಶವಕ್ಕೆ ಅಧಿಕಾರಿ ಯಾರೆಂದು ಒಂದು ನಾಡನ್ನೇ ಕೇಳಿದವರ ಚಿತೆಯ ಬಳಿ ಕೊನೆಗೆ ರಾಜ್ಯವೇ ಬಂದು ನಿಂತಿತು. ಕೆಂಗೇರಿಯ ಕಡೆಗೆ ಹೋಗುವಾಗ ಆ ಸ್ಥಳದ ಬಳಿ ನನಗೆ ಈ ಪ್ರಶ್ನೆ ಪ್ರತಿಸಲವೂ ನೆನಪಾಗುವುದು.

ಮುಂದಿನ ಚಾತುರ್ಮಾಸ್ಯದಲ್ಲಿ ನನ್ನ ಮನೆಯಲ್ಲಿಯೇ ಒಂದು ಚಿಕ್ಕ ವಾಕ್ಯಾರ್ಥಗೋಷ್ಠಿಯನ್ನು ನಡೆಸಲು ನಿಶ್ಚಯಿಸಿದ್ದೇನೆ. ವಿಷಯ ಅಧಿಕಾರಾಧ್ಯಾಯ, ಭಾಷೆ ಕನ್ನಡ, ಸಿದ್ಧಾಂತವನ್ನು ಹೇಳುವವಳು ನನ್ನ ಶಿಷ್ಯೆ. ಪೂರ್ವಪಕ್ಷವನ್ನು ನಾನು ಹೇಳುವೆನು. ವಿದ್ಯಾಪ್ರಿಯರಾದ ವಾಚಕರಲ್ಲಿ ಆಸಕ್ತಿಯುಳ್ಳವರು ದಯಮಾಡಿಸಬೇಕೆಂದು ಪ್ರಾರ್ಥನೆ. ಅಲ್ಲಿ ಕೂರಲು ಆಸಕ್ತಿಯೊಂದೇ ಅಧಿಕಾರವೆಂದು ಭಾವಿಸತಕ್ಕದ್ದು.